ಲಿವರ್ ಗಟ್ಟಿಯಾಗುವುದನ್ನು ಚೀನಾದ ಗಿಡಮೂಲಿಕೆ ಮಿಶ್ರಣಗಳು ತಡೆಯಬಲ್ಲವೇ? ಪ್ರಯೋಗಗಳು ಹೇಳುವುದೇನು?

ಹೆಪಟೈಟಿಸ್ ಬಿ ರೋಗಿಗೆ ವೈರಸ್ ಹತ್ತಿಕ್ಕುವ ಮಾತ್ರೆಯ ಜೊತೆಗೆ ಆಮೆಯ ಚಿಪ್ಪು ಮತ್ತು ಬೇರು-ನಾರುಗಳಿಂದ ಮಾಡಿದ ಇನ್ನೊಂದು ಮಾತ್ರೆಯನ್ನೂ ಕೊಟ್ಟರೆ ಲಿವರ್‌ನಲ್ಲಿ ಬಿದ್ದಿರುವ ಕಲೆ ಹೆಚ್ಚು ಕರಗುತ್ತದೆಯೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಚೀನಾದ ವೈದ್ಯರು 1,000 ರೋಗಿಗಳನ್ನು ಎರಡು ಗುಂಪು ಮಾಡಿ 72 ವಾರಗಳ ಪ್ರಯೋಗ ನಡೆಸಿದರು. ಅದರ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಉತ್ತರ 'ಹೌದು' ಎಂದೇ ಬಂತು. ಆದರೆ ಎಷ್ಟರ ಮಟ್ಟಿಗೆ, ಯಾರಿಗೆ, ಯಾವ ಷರತ್ತಿನ ಮೇಲೆ ಎಂಬುದನ್ನು ತಿಳಿಯದೆ ಆ 'ಹೌದು' ಅನ್ನು ನಂಬಿ ಆನ್‌ಲೈನ್‌ನಲ್ಲಿ ಪುಡಿ ತರಿಸಿಕೊಳ್ಳುವುದು ಅಪಾಯಕಾರಿ. ಇಂಥದ್ದೇ ಒಂದು ಮಿಶ್ರಣ 1990ರ ದಶಕದಲ್ಲಿ ಜಪಾನ್‌ನಲ್ಲಿ ಜೀವ ತೆಗೆದದ್ದೂ ದಾಖಲೆಯಲ್ಲಿದೆ.

ಭಾರತೀಯರಿಗೂ ಈ ವಿಷಯ ದೂರದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ 2.98 ಕೋಟಿ ಜನರಿಗೆ ಹೆಪಟೈಟಿಸ್ ಬಿ ಹಾಗೂ 55 ಲಕ್ಷ ಜನರಿಗೆ ಹೆಪಟೈಟಿಸ್ ಸಿ ಇತ್ತು. ಈ ಪಟ್ಟಿಯಲ್ಲಿ ಚೀನಾ ಮೊದಲ ಸ್ಥಾನದಲ್ಲಿದ್ದರೆ ಭಾರತದ್ದು ಎರಡನೇ ಸ್ಥಾನ. ಇದರ ಮೇಲೆ ಮದ್ಯಪಾನ, ಬೊಜ್ಜು, ಸಕ್ಕರೆ ಕಾಯಿಲೆಯಿಂದ ಬರುವ ಫ್ಯಾಟಿ ಲಿವರ್ ಬೇರೆ. ಕಾರಣ ಯಾವುದೇ ಇರಲಿ, ವರ್ಷಗಟ್ಟಲೆ ಬಿಟ್ಟರೆ ದಾರಿ ಒಂದೇ: ಮೊದಲು ಉರಿಯೂತ, ನಂತರ ಫೈಬ್ರೋಸಿಸ್, ಕೊನೆಗೆ ಸಿರೋಸಿಸ್.

ಕಲೆ ಬೀಳುವುದು ಹೇಗೆ?

ಮೊಣಕೈ ತರಚಿದರೆ ಗಾಯ ಮಾಯುವಾಗ ಕಲೆ ಉಳಿಯುತ್ತದಲ್ಲ, ಲಿವರ್‌ನಲ್ಲಿ ಆಗುವುದೂ ಹೆಚ್ಚುಕಡಿಮೆ ಅದೇ. ವ್ಯತ್ಯಾಸವೆಂದರೆ ಮೊಣಕೈ ಒಮ್ಮೆ ತರಚುತ್ತದೆ, ಸೋಂಕು ತಗುಲಿದ ಲಿವರ್ ಪ್ರತಿದಿನ ತರಚುತ್ತಿರುತ್ತದೆ.

ಇಲ್ಲಿ ಮುಖ್ಯ ಪಾತ್ರ ವಹಿಸುವುದು ಸ್ಟೆಲೇಟ್ ಕೋಶ, ಅಂದರೆ ನಕ್ಷತ್ರಾಕಾರದ ಕೋಶ. ಜರ್ಮನಿಯ ಅಂಗರಚನಾ ವಿಜ್ಞಾನಿ ಕಾರ್ಲ್ ವಿಲ್ಹೆಲ್ಮ್ ಫಾನ್ ಕುಪ್ಫರ್ 1876ರಲ್ಲೇ ಇದನ್ನು ಗುರುತಿಸಿದ್ದರು. ಆರೋಗ್ಯವಂತ ಲಿವರ್‌ನಲ್ಲಿ ಇವು ವಿಟಮಿನ್ ಎ ಸಂಗ್ರಹಿಸಿಟ್ಟುಕೊಂಡು ತಮ್ಮ ಪಾಡಿಗೆ ಇರುತ್ತವೆ. ಸುತ್ತಲಿನ ಕೋಶಗಳು ಸಾಯತೊಡಗಿದಾಗ ಟಿಜಿಎಫ್-ಬೀಟಾ ಎಂಬ ಪ್ರೋಟೀನ್ ಇವಕ್ಕೆ ಸಂದೇಶ ಮುಟ್ಟಿಸುತ್ತದೆ. ಆಗ ಅವು ಕೂಡಿಟ್ಟ ವಿಟಮಿನ್ ಎ ಕಳೆದುಕೊಂಡು, ಸಂಖ್ಯೆಯಲ್ಲಿ ಹೆಚ್ಚಿ, ಕೊಲಾಜೆನ್ ಎಂಬ ಗಟ್ಟಿ ನಾರನ್ನು ಸುರಿಯಲು ಆರಂಭಿಸುತ್ತವೆ. ನಾರು ಕರಗಿಸುವ ಕಿಣ್ವಗಳೂ ದೇಹದಲ್ಲಿವೆ. ಸುರಿಯುವ ವೇಗ ಕರಗಿಸುವ ವೇಗವನ್ನು ಮೀರಿದರೆ ಲಿವರ್ ಗಟ್ಟಿಯಾಗುತ್ತಾ ಹೋಗುತ್ತದೆ.

ವೈದ್ಯರು ಇದನ್ನು ಎಫ್-0ಯಿಂದ ಎಫ್-4ರವರೆಗೆ ಅಳೆಯುತ್ತಾರೆ. ಎಫ್-4 ಎಂದರೆ ಸಿರೋಸಿಸ್. ಈಗ ಹಲವೆಡೆ ಸಿಗುವ ಫೈಬ್ರೋಸ್ಕ್ಯಾನ್ ಪರೀಕ್ಷೆ ಲಿವರ್ ಎಷ್ಟು ಬಿಗಿಯಾಗಿದೆ ಎಂಬುದನ್ನು ಚುಚ್ಚದೆಯೇ ಅಂದಾಜಿಸುತ್ತದೆ. ಹೆಚ್ಚು ಖಚಿತವಾದದ್ದು ಬಯಾಪ್ಸಿ. ಅದರಲ್ಲೂ ಸೂಜಿ ತೆಗೆಯುವುದು ಲಿವರ್‌ನ ಸುಮಾರು 50,000ದಲ್ಲಿ ಒಂದು ಭಾಗವನ್ನು ಮಾತ್ರ. ಹಾಗಾಗಿ ಒಬ್ಬ ರೋಗಿಯ ವರದಿಯಲ್ಲಿ 'ಕಲೆ ಕರಗಿತು' ಎಂದು ಬಂದರೆ ಅದೇ ಪುರಾವೆಯಾಗುವುದಿಲ್ಲ. ನೂರಾರು ಜನರನ್ನು ಹೋಲಿಸಿ ನೋಡಬೇಕಾಗುತ್ತದೆ.

ಕಲೆ ಕರಗುತ್ತದೆ ಎಂಬುದೇ ಒಂದು ಕಾಲದಲ್ಲಿ ನಂಬಲಾಗದ ಮಾತಾಗಿತ್ತು. ಆ ಅನುಮಾನವನ್ನು ದೊಡ್ಡ ಮಟ್ಟದಲ್ಲಿ ನಿವಾರಿಸಿದ್ದು ಗಿಡಮೂಲಿಕೆಯಲ್ಲ, ಸಾಮಾನ್ಯ ವೈರಸ್ ನಿರೋಧಕ ಮಾತ್ರೆ. ಹೆಪಟೈಟಿಸ್ ಬಿ ರೋಗಿಗಳು ಐದು ವರ್ಷ ಟೆನೊಫೊವಿರ್ ಸೇವಿಸಿದ ಬಳಿಕ ಮತ್ತೆ ಬಯಾಪ್ಸಿ ಮಾಡಿ ನೋಡಿದಾಗ, ಆರಂಭದಲ್ಲಿ ಸಿರೋಸಿಸ್ ಇದ್ದ 96 ಜನರಲ್ಲಿ ಶೇ 74ರಷ್ಟು ಮಂದಿ ಆ ಹಂತದಿಂದ ಹೊರಬಂದಿದ್ದರು. 2013ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಈ ಅಧ್ಯಯನವನ್ನು ಮುಂದಿನ ಎಲ್ಲ ಅಂಕಿಗಳನ್ನು ಓದುವಾಗಲೂ ನೆನಪಿನಲ್ಲಿಡಬೇಕು. ಗಾಯ ಮಾಡುತ್ತಿರುವ ಕಾರಣ ನಿಂತರೆ ಲಿವರ್ ತಾನೇ ಬಹಳಷ್ಟು ದುರಸ್ತಿ ಮಾಡಿಕೊಳ್ಳುತ್ತದೆ. ಗಿಡಮೂಲಿಕೆ ಕೆಲಸ ಮಾಡಿತು ಎನ್ನಬೇಕಾದರೆ ಇದನ್ನೂ ಮೀರಿದ ಲಾಭ ಕಾಣಬೇಕು.

ಒಂದೇ ಗಿಡ ಏಕಲ್ಲ, ಮಿಶ್ರಣವೇ ಏಕೆ?

ಚೀನೀ ವೈದ್ಯಪದ್ಧತಿಯಲ್ಲಿ ಒಂದು ಔಷಧ ಯೋಗವನ್ನು ಅರಮನೆಯಂತೆ ಕಲ್ಪಿಸುತ್ತಾರೆ. ಮುಖ್ಯ ಮೂಲಿಕೆ ರಾಜ, ಅದರ ಬಲ ಹೆಚ್ಚಿಸುವುದು ಮಂತ್ರಿ, ಅಡ್ಡಪರಿಣಾಮ ತಗ್ಗಿಸುವುದು ಸಹಾಯಕ, ಔಷಧವನ್ನು ಸೇರಬೇಕಾದ ಜಾಗಕ್ಕೆ ಮುಟ್ಟಿಸುವುದು ದೂತ. ಪೂರ್ವ ಹಾನ್ ರಾಜವಂಶದ ಕೊನೆಯಲ್ಲಿ, ಅಂದರೆ ಕ್ರಿ.ಶ. 200ರ ಆಸುಪಾಸಿನಲ್ಲಿ ಬದುಕಿದ್ದ ಝಾಂಗ್ ಝೊಂಗ್‌ಜಿಂಗ್ ಎಂಬ ವೈದ್ಯನ ಯೋಗಗಳು ಇಂದಿಗೂ ಬಳಕೆಯಲ್ಲಿವೆ. ಹೊಟ್ಟೆಯಲ್ಲಿ ಗಡ್ಡೆಯಂತೆ ಗಟ್ಟಿಯಾದುದನ್ನು ಮೆತ್ತಗೆ ಮಾಡಲು ಆಮೆಯ ಚಿಪ್ಪು ಬಳಸುವ ಪದ್ಧತಿ ಅವನ ಗ್ರಂಥದಲ್ಲೇ ಇದೆ.

ಫೈಬ್ರೋಸಿಸ್ ವಿಷಯದಲ್ಲಿ ಈ ಕೂಟಕ್ಕೆ ಆಧುನಿಕ ತರ್ಕವೂ ಹೊಂದಿಕೊಳ್ಳುತ್ತದೆ. ಉರಿಯೂತ, ಸ್ಟೆಲೇಟ್ ಕೋಶದ ಕೆರಳುವಿಕೆ, ನಾರು ಸುರಿಯುವುದು, ಅದನ್ನು ಕರಗಿಸುವ ಕಿಣ್ವ ಸೋಲುವುದು, ಹೀಗೆ ನಾಲ್ಕಾರು ಕಡೆ ಒಟ್ಟಿಗೆ ಕೆಟ್ಟಿರುವ ಯಂತ್ರ ಇದು. ಒಂದೇ ಕಡೆ ಬೀಗ ಹಾಕುವ ಔಷಧಿಗಳು ಇಲ್ಲಿ ಮತ್ತೆ ಮತ್ತೆ ಸೋತಿವೆ. ಹಲವು ಕಡೆ ಸ್ವಲ್ಪ ಸ್ವಲ್ಪ ಒತ್ತುವ ಮಿಶ್ರಣ ಗೆಲ್ಲಬಹುದು ಎಂಬುದು ಸಂಶೋಧಕರ ವಾದ. ಕೇಳಲು ಚೆನ್ನಾಗಿದೆ. ಆದರೆ ಹತ್ತು ಪದಾರ್ಥ ಸೇರಿಸಿದರೆ ಹತ್ತು ಕಡೆ ತಪ್ಪಾಗುವ ಸಾಧ್ಯತೆಯೂ ಇರುತ್ತದೆ.

ಚೀನಾದ ಎರಡು ಮಾತ್ರೆಗಳು

ಲಿವರ್ ಫೈಬ್ರೋಸಿಸ್‌ಗೆಂದೇ ಚೀನಾದಲ್ಲಿ ಅನುಮೋದನೆ ಪಡೆದ ಮಿಶ್ರಣಗಳಲ್ಲಿ ಎರಡು ಹೆಚ್ಚು ಅಧ್ಯಯನಕ್ಕೆ ಒಳಗಾಗಿವೆ.

ಮೊದಲನೆಯದು 'ಫುಝೆಂಗ್ ಹುವಾಯು'. ದೇಹದ ಸಹಜ ಬಲ ಹೆಚ್ಚಿಸಿ, ಕಟ್ಟಿನಿಂತ ರಕ್ತವನ್ನು ಚದುರಿಸುವುದು ಎಂದು ಈ ಹೆಸರಿನ ಅರ್ಥ. ಶಾಂಘೈ ಸಾಂಪ್ರದಾಯಿಕ ಚೀನೀ ವೈದ್ಯ ವಿಶ್ವವಿದ್ಯಾಲಯದ ತಂಡ ರೂಪಿಸಿದ ಈ ಔಷಧಕ್ಕೆ 2002ರಲ್ಲಿ ಅನುಮತಿ ಸಿಕ್ಕಿತು. ಇದರಲ್ಲಿರುವುದು ಆರು ಪದಾರ್ಥ: ದಾನ್‌ಶೆನ್ ಎಂಬ ಕೆಂಪು ಬೇರು, ಪೀಚ್ ಹಣ್ಣಿನ ಬೀಜದ ತಿರುಳು, ಪೈನ್ ಮರದ ಪರಾಗ, ಜಿಯಾವ್‌ಗುಲಾನ್ ಬಳ್ಳಿ, 'ಐದು ರುಚಿಯ ಹಣ್ಣು' ಎಂದು ಕರೆಯುವ ಶಿಸಾಂಡ್ರ ಮತ್ತು ಕಾರ್ಡಿಸೆಪ್ಸ್ ಶಿಲೀಂಧ್ರದ ಪುಡಿ. ಉತ್ತರಾಖಂಡದ ಬೆಟ್ಟಗಳಲ್ಲಿ 'ಕೀಡಾ ಜಡಿ' ಎಂದು ಹುಡುಕಿ ಮಾರುತ್ತಾರಲ್ಲ, ಅದೇ ಕುಲದ್ದು. ಆದರೆ ಮಾತ್ರೆಯಲ್ಲಿ ಬಳಸುವುದು ಹುದುಗಿಸಿ ಬೆಳೆಸಿದ್ದನ್ನು.

ಈ ಆರರಲ್ಲಿ ಹೆಚ್ಚು ಅಧ್ಯಯನವಾಗಿರುವುದು ದಾನ್‌ಶೆನ್. ಅದರಲ್ಲಿರುವ ಸಾಲ್ವಿಯನೋಲಿಕ್ ಆಮ್ಲ-ಬಿ, ಟಿಜಿಎಫ್-ಬೀಟಾ ಕಳಿಸುವ ಸಂದೇಶ ಸ್ಟೆಲೇಟ್ ಕೋಶದ ಒಳಗೆ ಮುಟ್ಟದಂತೆ ತಡೆಯುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. ಕಾರ್ಬನ್ ಟೆಟ್ರಾಕ್ಲೋರೈಡ್ ಕೊಟ್ಟು ಲಿವರ್ ಕೆಡಿಸಿದ ಇಲಿಗಳಲ್ಲಿ ನಾರು ಕಡಿಮೆಯಾಗಿದೆ. ಆದರೆ ಇಲಿಯ ಲಿವರ್ ವಾರಗಳಲ್ಲಿ ಕೆಟ್ಟು ವಾರಗಳಲ್ಲೇ ಸುಧಾರಿಸುವಂಥದ್ದು. ಮನುಷ್ಯನ ಲಿವರ್ ಕೆಡಲು ಇಪ್ಪತ್ತು ವರ್ಷ ಹಿಡಿಯುತ್ತದೆ. ಇಲಿಗಳಲ್ಲಿ ಗೆದ್ದು ಮನುಷ್ಯರಲ್ಲಿ ಸೋತ ಫೈಬ್ರೋಸಿಸ್ ಔಷಧಿಗಳ ಪಟ್ಟಿ ಉದ್ದವಿದೆ. ಫುಝೆಂಗ್ ಹುವಾಯು ಮೇಲೆ ಅಮೆರಿಕದಲ್ಲೂ ಹೆಪಟೈಟಿಸ್ ಸಿ ರೋಗಿಗಳ ಎರಡನೇ ಹಂತದ ಪ್ರಯೋಗ ನಡೆದಿದೆ. ಅಲ್ಲಿ ಅದಕ್ಕೆ ಔಷಧಿಯಾಗಿ ಅನುಮತಿ ಮಾತ್ರ ಸಿಕ್ಕಿಲ್ಲ.

ಎರಡನೆಯದು 'ಬಿಯೆಜಿಯಾ ರುವಾನ್‌ಗಾನ್'. ಹೆಸರಿನ ಅರ್ಥ ನೇರ: ಆಮೆ ಚಿಪ್ಪಿನಿಂದ ಲಿವರ್ ಮೆತ್ತಗಾಗಿಸುವುದು. ಸಂಸ್ಕರಿಸಿದ ಆಮೆ ಚಿಪ್ಪಿನ ಜೊತೆ ಅರಿಶಿನದ ಹತ್ತಿರದ ಬಂಧುವಾದ ಒಂದು ಗೆಡ್ಡೆ, ಕೆಂಪು ಪಿಯೋನಿ ಬೇರು, ಸಾನ್‌ಚಿ ಬೇರು ಇತ್ಯಾದಿ ಸೇರಿ 11 ಪದಾರ್ಥಗಳಿವೆ. ಸಸ್ಯಾಹಾರಿಗಳು ಗಮನಿಸಬೇಕಾದ ವಿಷಯವಿದು. 'ಹರ್ಬಲ್' ಎಂದು ಮಾರುವ ಚೀನೀ ಮಿಶ್ರಣಗಳೆಲ್ಲ ಸಸ್ಯಜನ್ಯವಲ್ಲ. ಝಾಂಗ್ ಝೊಂಗ್‌ಜಿಂಗ್‌ನದೇ ಇನ್ನೊಂದು ಯೋಗದಲ್ಲಿ ಜಿಗಣೆ ಮತ್ತು ಕೀಟಗಳೂ ಇವೆ.

ಆರಂಭದಲ್ಲಿ ಹೇಳಿದ 1,000 ಜನರ ಪ್ರಯೋಗ ನಡೆದದ್ದು ಈ ಆಮೆ ಚಿಪ್ಪಿನ ಮಾತ್ರೆಯ ಮೇಲೆ. ಎಲ್ಲರಿಗೂ ಹೆಪಟೈಟಿಸ್ ಬಿ ವೈರಸ್ ಹತ್ತಿಕ್ಕುವ ಎಂಟೆಕವಿರ್ ಕೊಡಲಾಯಿತು. ಅದರ ಮೇಲೆ ಅರ್ಧ ಜನರಿಗೆ ಚೀನೀ ಮಾತ್ರೆ, ಉಳಿದವರಿಗೆ ನೋಡಲು ಹಾಗೆಯೇ ಇರುವ ಹುಸಿ ಮಾತ್ರೆ. ಯಾರಿಗೆ ಯಾವುದು ಎಂಬುದು ರೋಗಿಗೂ ವೈದ್ಯರಿಗೂ ಗೊತ್ತಿರಲಿಲ್ಲ. 700ಕ್ಕೂ ಹೆಚ್ಚು ಜನರ ಬಯಾಪ್ಸಿ ಎರಡು ಬಾರಿ ನಡೆಯಿತು.

ಚೀನೀ ಮಾತ್ರೆ ಪಡೆದವರಲ್ಲಿ ಶೇ 40ರಷ್ಟು ಮಂದಿಯ ಕಲೆ ಕಡಿಮೆಯಾಗಿತ್ತು. ಹುಸಿ ಮಾತ್ರೆಯವರಲ್ಲಿ ಅದು ಶೇ 31.8. ಸಿರೋಸಿಸ್ ಇದ್ದವರನ್ನು ಮಾತ್ರ ನೋಡಿದರೆ ಶೇ 41.5 ಮತ್ತು ಶೇ 30.7. ಇದೇ ರೋಗಿಗಳನ್ನು ಏಳು ವರ್ಷದವರೆಗೆ ಹಿಂಬಾಲಿಸಿದಾಗ ಲಿವರ್ ಕ್ಯಾನ್ಸರ್ ಪ್ರಮಾಣ ಚೀನೀ ಮಾತ್ರೆಯ ಗುಂಪಿನಲ್ಲಿ ಸುಮಾರು ಅರ್ಧದಷ್ಟಿತ್ತು.

ಈ ಅಂಕಿಗಳನ್ನು ಎರಡು ರೀತಿ ಓದಬಹುದು. ಲಾಭ ನಿಜ, ಮತ್ತು ಅದು ಬಯಾಪ್ಸಿಯಲ್ಲೇ ಕಂಡಿದೆ. ಜೊತೆಗೆ, ಹುಸಿ ಮಾತ್ರೆ ತೆಗೆದುಕೊಂಡ ನೂರರಲ್ಲಿ ಸುಮಾರು 32 ಜನರಿಗೂ ಕಲೆ ಕರಗಿದೆ, ಅದು ಎಂಟೆಕವಿರ್ ಮಾಡಿದ ಕೆಲಸ. ಗಿಡಮೂಲಿಕೆ ಸೇರಿಸಿದ್ದು ನೂರಕ್ಕೆ ಎಂಟು ಜನರನ್ನು. ಅಂದರೆ ಒಬ್ಬರಿಗೆ ಹೆಚ್ಚುವರಿ ಲಾಭವಾಗಲು ಸುಮಾರು ಹನ್ನೆರಡು ಜನ ಒಂದೂವರೆ ವರ್ಷ ಮಾತ್ರೆ ನುಂಗಬೇಕು. ಎಂಟೆಕವಿರ್ ಬಿಟ್ಟು ಬರೀ ಚೀನೀ ಮಾತ್ರೆ ತೆಗೆದುಕೊಂಡರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಈ ಪ್ರಯೋಗ ಕೇಳಿಯೇ ಇಲ್ಲ. ಫ್ಯಾಟಿ ಲಿವರ್ ರೋಗಿಗಳೂ ಅದರಲ್ಲಿ ವಿಷಯವಾಗಿರಲಿಲ್ಲ.

ಇಷ್ಟು ಅಚ್ಚುಕಟ್ಟಾದ ಪ್ರಯೋಗ ಈ ಕ್ಷೇತ್ರದಲ್ಲಿ ಅಪರೂಪ ಎಂಬುದನ್ನೂ ಹೇಳಬೇಕು. ಶಿಯಾವ್ ಚೈಹು ತಾಂಗ್ ಎಂಬ ಮತ್ತೊಂದು ಹೆಸರುವಾಸಿ ಕಷಾಯದ ಬಗ್ಗೆ ಕೊಕ್ರೇನ್ ತಂಡ 2019ರಲ್ಲಿ ಹೆಪಟೈಟಿಸ್ ಬಿ ಕುರಿತ 10 ಪ್ರಯೋಗಗಳನ್ನು ಜಾಲಾಡಿತು. ಎಲ್ಲದರಲ್ಲೂ ಪಕ್ಷಪಾತದ ಸಾಧ್ಯತೆ ಹೆಚ್ಚಿತ್ತು. ರೋಗಿಗಳ ಸಾವು ಕಡಿಮೆಯಾಯಿತೇ ಎಂಬ ಮೂಲ ಪ್ರಶ್ನೆಗೆ ಒಂದರಲ್ಲೂ ಮಾಹಿತಿ ಇರಲಿಲ್ಲ.

ಜಪಾನ್‌ನಲ್ಲಿ ನಡೆದದ್ದೇನು?

ಇದೇ ಶಿಯಾವ್ ಚೈಹು ತಾಂಗ್ ಜಪಾನ್‌ಗೆ ಹೋಗಿ 'ಶೋ-ಸೈಕೋ-ತೋ' ಆಯಿತು. ಬುಪ್ಲೂರಮ್ ಬೇರು, ಸ್ಕುಟೆಲೇರಿಯಾ ಬೇರು, ಪಿನೆಲಿಯಾ ಗೆಡ್ಡೆ, ಜಿನ್ಸೆಂಗ್, ಚೀನೀ ಬೋರೆಹಣ್ಣು, ಜ್ಯೇಷ್ಠಮಧು, ಶುಂಠಿ, ಒಟ್ಟು ಏಳು ಪದಾರ್ಥಗಳ ಯೋಗವಿದು. ಜಪಾನ್ ಸರ್ಕಾರ 1976ರಲ್ಲಿ ಇಂಥ ಸಾಂಪ್ರದಾಯಿಕ ಕಂಪೋ ಔಷಧಿಗಳನ್ನು ಆರೋಗ್ಯ ವಿಮೆಯ ವ್ಯಾಪ್ತಿಗೆ ದೊಡ್ಡ ಪ್ರಮಾಣದಲ್ಲಿ ತಂದಿತು. ಆಧುನಿಕ ವೈದ್ಯರೇ ದೀರ್ಘಕಾಲದ ಹೆಪಟೈಟಿಸ್‌ಗೆ ಶೋ-ಸೈಕೋ-ತೋ ಬರೆಯತೊಡಗಿದರು.

ನಿರೀಕ್ಷೆಗೆ ಆಧಾರವೂ ಇತ್ತು. ಸಿರೋಸಿಸ್ ಇದ್ದ 260 ರೋಗಿಗಳನ್ನು ಐದು ವರ್ಷ ಗಮನಿಸಿದ ಅಧ್ಯಯನವೊಂದು 1995ರಲ್ಲಿ ಪ್ರಕಟವಾಯಿತು. ಕಷಾಯ ಪಡೆದ ಗುಂಪಿನಲ್ಲಿ ಶೇ 23ರಷ್ಟು ಮಂದಿಗೆ ಲಿವರ್ ಕ್ಯಾನ್ಸರ್ ಬಂದಿದ್ದರೆ ಪಡೆಯದವರಲ್ಲಿ ಅದು ಶೇ 34. ಐದು ವರ್ಷ ಬದುಕುಳಿದವರು ಕ್ರಮವಾಗಿ ಶೇ 75 ಮತ್ತು ಶೇ 61. ಸಂಖ್ಯಾಶಾಸ್ತ್ರದ ಗೆರೆಯನ್ನು ಕೂದಲೆಳೆಯಲ್ಲಿ ತಪ್ಪಿಸಿಕೊಂಡ ಫಲಿತಾಂಶ.

ಅಷ್ಟರಲ್ಲಿ ಇನ್ನೊಂದು ಕಡೆಯಿಂದ ಬೇರೆಯದೇ ವರದಿಗಳು ಬರುತ್ತಿದ್ದವು. ಒಣಕೆಮ್ಮು, ಜ್ವರ, ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದ ಹೆಪಟೈಟಿಸ್ ರೋಗಿಗಳ ಶ್ವಾಸಕೋಶದಲ್ಲಿ ಇಂಟರ್‌ಸ್ಟಿಶಿಯಲ್ ನ್ಯುಮೋನಿಯಾ ಕಾಣಿಸಿತ್ತು. ಹಲವರು ಸೇವಿಸುತ್ತಿದ್ದದ್ದು ಶೋ-ಸೈಕೋ-ತೋ. ಇಂಟರ್‌ಫೆರಾನ್ ಚುಚ್ಚುಮದ್ದಿನ ಜೊತೆ ಇದನ್ನು ಕೊಡಬಾರದು ಎಂದು 1994ರಲ್ಲಿ ನಿಷೇಧ ಬಂತು. 1996ರ ಮಾರ್ಚ್‌ನಲ್ಲಿ ಜಪಾನ್ ಆರೋಗ್ಯ ಸಚಿವಾಲಯ ಅಧಿಕೃತವಾಗಿ ಪ್ರಕಟಿಸಿದ ಲೆಕ್ಕ: 88 ಪ್ರಕರಣ, 10 ಸಾವು. ನಂತರ ಸಿರೋಸಿಸ್ ಇರುವವರು, ಲಿವರ್ ಕ್ಯಾನ್ಸರ್ ಇರುವವರು ಮತ್ತು ಪ್ಲೇಟ್‌ಲೆಟ್ ಎಣಿಕೆ ಒಂದು ಲಕ್ಷಕ್ಕಿಂತ ಕಡಿಮೆ ಇರುವವರಿಗೂ ಇದನ್ನು ಕೊಡುವಂತಿಲ್ಲ ಎಂದಾಯಿತು. ಯಾರಿಗೆ ಅತಿ ಹೆಚ್ಚು ಬೇಕಿತ್ತೋ ಅವರಿಗೇ ಅದು ನಿಷಿದ್ಧವಾಯಿತು. ಸಾವಿರದ ಎಂಟುನೂರು ವರ್ಷ ಬಳಕೆಯಲ್ಲಿದ್ದ ಯೋಗದ ಈ ಅಪಾಯ ಗೊತ್ತಾದದ್ದು ಆಸ್ಪತ್ರೆಗಳು ಪ್ರಕರಣಗಳನ್ನು ಎಣಿಸಿ ವರದಿ ಮಾಡಿದ್ದರಿಂದ. ಎಣಿಸದ ಕಡೆ ಇಂಥ ಸಾವುಗಳು ರೋಗದ ಲೆಕ್ಕಕ್ಕೇ ಹೋಗಿರುತ್ತವೆ.

ಲಿವರ್‌ಗೆಂದು ತಿಂದದ್ದೇ ಲಿವರ್ ಕೆಡಿಸಿದಾಗ

ಚೀನಾದ 308 ವೈದ್ಯಕೀಯ ಕೇಂದ್ರಗಳಲ್ಲಿ 2012ರಿಂದ 2014ರವರೆಗೆ ಔಷಧಿಯಿಂದಲೇ ಲಿವರ್ ಹಾನಿಗೊಳಗಾದ 25,927 ಪ್ರಕರಣಗಳನ್ನು ಪರಿಶೀಲಿಸಲಾಯಿತು. ಮೊದಲ ಸ್ಥಾನದಲ್ಲಿದ್ದದ್ದು ಸಾಂಪ್ರದಾಯಿಕ ಔಷಧಿಗಳು, ಗಿಡಮೂಲಿಕೆಗಳು ಮತ್ತು ಆಹಾರ ಪೂರಕಗಳು. ಇವುಗಳ ಪಾಲು ಶೇ 26.81. ಲಿವರ್‌ಗೆ ಕಠಿಣ ಎಂದು ಎಲ್ಲರಿಗೂ ಗೊತ್ತಿರುವ ಕ್ಷಯರೋಗದ ಔಷಧಿಗಳು ಶೇ 21.99ರೊಂದಿಗೆ ಎರಡನೇ ಸ್ಥಾನದಲ್ಲಿದ್ದವು.

ಕೂದಲು ಕಪ್ಪಾಗಲು ಸೇವಿಸುವ ಹೆ-ಶೌ-ವು ಬೇರು ಲಿವರ್ ಹಾನಿಗೆ ಕುಖ್ಯಾತ. ಇನ್ನೂ ಅಪಾಯಕಾರಿ ಹೆಸರಿನ ಗೊಂದಲ. ಆಮೆ ಚಿಪ್ಪಿನ ಮಾತ್ರೆಯಲ್ಲಿರುವ ಸಾನ್‌ಚಿ ಬೇರಿನ ಬದಲು 'ತು-ಸಾನ್‌ಚಿ' ಎಂಬ ಬೇರೆಯದೇ ಗಿಡವನ್ನು ಮನೆಯಲ್ಲಿ ಕುದಿಸಿ ಕುಡಿದವರ ಲಿವರ್‌ನ ಸೂಕ್ಷ್ಮ ರಕ್ತನಾಳಗಳು ಮುಚ್ಚಿಹೋಗಿ ಹೊಟ್ಟೆಯಲ್ಲಿ ನೀರು ತುಂಬಿದ ಪ್ರಕರಣಗಳು ಚೀನಾದಲ್ಲಿ ಸಾಕಷ್ಟಿವೆ. ಆ ಗಿಡದಲ್ಲಿರುವ ಪೈರೊಲಿಜಿಡಿನ್ ಆಲ್ಕಲಾಯ್ಡ್ ಇದಕ್ಕೆ ಕಾರಣ. ದಾನ್‌ಶೆನ್ ಕೂಡ ನಿರುಪದ್ರವಿಯಲ್ಲ. ರಕ್ತ ತೆಳುವಾಗಿಸುವ ವಾರ್ಫರಿನ್ ಜೊತೆ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಜ್ಯೇಷ್ಠಮಧು ಹೆಚ್ಚಾದರೆ ಬಿಪಿ ಏರಿ, ಪೊಟ್ಯಾಸಿಯಂ ಇಳಿಯುತ್ತದೆ.

ಮತ್ತೊಂದು ಬಲೆ ರಕ್ತಪರೀಕ್ಷೆಯದು. ಶಿಸಾಂಡ್ರ ಹಣ್ಣು ಲಿವರ್ ಕಿಣ್ವ ಎಎಲ್‌ಟಿಯನ್ನು ಇಳಿಸುತ್ತದೆ ಎಂಬುದನ್ನು ಚೀನೀ ವಿಜ್ಞಾನಿಗಳು ಗಮನಿಸಿ, ಅದರ ಅಂಶವನ್ನು ಅನುಸರಿಸಿ ಬೈಫೆಂಡೇಟ್ ಮತ್ತು ಬೈಸೈಕ್ಲಾಲ್ ಎಂಬ ಔಷಧಿಗಳನ್ನು ತಯಾರಿಸಿದರು. ಆದರೆ ಎಎಲ್‌ಟಿ ಇಳಿದ ಮಾತ್ರಕ್ಕೆ ವೈರಸ್ ಹೋಯಿತು ಎಂದಲ್ಲ, ಕಲೆ ನಿಂತಿತು ಎಂದೂ ಅಲ್ಲ. 'ಕಷಾಯ ಕುಡಿದೆ, ರಿಪೋರ್ಟ್ ನಾರ್ಮಲ್ ಬಂತು' ಎಂಬ ಮಾತಿನ ಹಿಂದೆ ಎಷ್ಟೋ ಬಾರಿ ಇದೇ ಇರುತ್ತದೆ.

ನೆಲನೆಲ್ಲಿ, ಅಮೃತಬಳ್ಳಿ: ನಮ್ಮಲ್ಲೂ ಇದೇ ಕಥೆ

ಚೆನ್ನೈನ ಸಂಶೋಧಕರು 1988ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟಿಸಿದ ಒಂದು ವರದಿ ಜಗತ್ತಿನ ಗಮನ ಸೆಳೆದಿತ್ತು. ಕಾಮಾಲೆಗೆ ನಮ್ಮ ಹಳ್ಳಿಗಳಲ್ಲಿ ಅರೆದು ಕೊಡುವ ನೆಲನೆಲ್ಲಿಯನ್ನು 30 ದಿನ ಸೇವಿಸಿದ 37 ಹೆಪಟೈಟಿಸ್ ಬಿ ವಾಹಕರಲ್ಲಿ 22 ಜನರ ರಕ್ತದಿಂದ ವೈರಸ್‌ನ ಗುರುತು ಮಾಯವಾಗಿತ್ತು. ಹುಸಿ ಮಾತ್ರೆಯ 23 ಜನರಲ್ಲಿ ಒಬ್ಬರಿಗಷ್ಟೇ ಹಾಗಾಗಿತ್ತು. ಆದರೆ ಬೇರೆ ಬೇರೆ ದೇಶಗಳಲ್ಲಿ ಮತ್ತೆ ಪರೀಕ್ಷಿಸಿದಾಗ ಆ ಫಲಿತಾಂಶ ಮರುಕಳಿಸಲಿಲ್ಲ. ಚೀನಾದ ಆಮೆ ಚಿಪ್ಪಿನ ಮಾತ್ರೆಯೂ ಇನ್ನೊಂದು ದೇಶದಲ್ಲಿ, ಇನ್ನೊಂದು ತಂಡದ ಕೈಯಲ್ಲಿ ಇದೇ ಪರೀಕ್ಷೆ ಪಾಸಾಗಬೇಕು.

ಕೋವಿಡ್ ಸಮಯದಲ್ಲಿ ಅಮೃತಬಳ್ಳಿ ಕಷಾಯ ಮನೆಮನೆಯ ಮದ್ದಾಗಿದ್ದು ನೆನಪಿರಬಹುದು. ಅದನ್ನು ಸೇವಿಸಿದ ಬಳಿಕ ಲಿವರ್ ಹಾನಿಗೊಳಗಾದ ಆರು ರೋಗಿಗಳ ಬಗ್ಗೆ 2021ರಲ್ಲಿ ಮುಂಬೈನ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಅದೇ ಕುಲದ ಬೇರೊಂದು ಬಳ್ಳಿಯನ್ನು ತಪ್ಪಾಗಿ ಬಳಸಿರಬಹುದು ಎಂದಿತು. ವಾದ ಯಾರದೇ ಸರಿಯಿರಲಿ, ಬಳ್ಳಿ ತಂದು ಕುದಿಸಿದ ಮನೆಯವರಿಗೆ ಎರಡರ ವ್ಯತ್ಯಾಸ ಗೊತ್ತಾಗುವ ದಾರಿಯಿರಲಿಲ್ಲ.

ಸದ್ಯಕ್ಕೆ ಲಭ್ಯವಿರುವ ಚಿಕಿತ್ಸೆ ಏನು?

ಹೆಪಟೈಟಿಸ್ ಸಿಗೆ ಈಗ ಸಾಮಾನ್ಯವಾಗಿ 12 ವಾರದ ಮಾತ್ರೆಗಳಲ್ಲಿ ಗುಣವಿದೆ. ಹೆಪಟೈಟಿಸ್ ಬಿಗೆ ದೀರ್ಘಕಾಲ ಸೇವಿಸಬೇಕಾದ ಟೆನೊಫೊವಿರ್, ಎಂಟೆಕವಿರ್ ಇವೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಪರೀಕ್ಷೆ ಮತ್ತು ಔಷಧಿ ಉಚಿತ. ಫ್ಯಾಟಿ ಲಿವರ್‌ನಿಂದ ಬಂದ ಫೈಬ್ರೋಸಿಸ್‌ಗೆ ಅಮೆರಿಕ 2024ರ ಮಾರ್ಚ್‌ನಲ್ಲಿ ರೆಸ್ಮೆಟಿರೋಮ್ ಎಂಬ ಮೊದಲ ಔಷಧಿಗೆ ಅನುಮತಿ ಕೊಟ್ಟಿತು. ತೂಕ ಇಳಿಸುವುದು, ಮದ್ಯ ಬಿಡುವುದು ಇವುಗಳ ಪರಿಣಾಮವೂ ಲಿವರ್‌ನಲ್ಲಿ ಕಾಣುತ್ತದೆ.

ಈಗಾಗಲೇ ಚೀನೀ, ಆಯುರ್ವೇದ ಅಥವಾ ಮನೆಮದ್ದಿನ ಮಿಶ್ರಣ ಸೇವಿಸುತ್ತಿರುವವರು ಲಿವರ್ ವೈದ್ಯರ ಬಳಿ ಹೋಗುವಾಗ ಅದರ ಡಬ್ಬಿಯನ್ನೇ ಒಯ್ಯುವುದು ಒಳ್ಳೆಯದು. ಮೂಲಿಕೆಯ ಹೆಸರಿಗಿಂತ ಪದಾರ್ಥಗಳ ಪಟ್ಟಿ, ಬ್ಯಾಚ್ ಸಂಖ್ಯೆ ಮತ್ತು ಎಷ್ಟು ದಿನದಿಂದ ಸೇವನೆ ನಡೆದಿದೆ ಎಂಬುದು ವೈದ್ಯರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ವೈರಸ್ ಮಾತ್ರೆಯನ್ನು ಮಾತ್ರ ಹೇಳದೆ ಕೇಳದೆ ನಿಲ್ಲಿಸುವಂತಿಲ್ಲ. ಹೆಪಟೈಟಿಸ್ ಬಿ ಔಷಧಿಯನ್ನು ಏಕಾಏಕಿ ಬಿಟ್ಟರೆ ವೈರಸ್ ಮತ್ತೆ ಕೆರಳಿ ಲಿವರ್ ವೈಫಲ್ಯಕ್ಕೂ ತಿರುಗಬಹುದು.